ಒಂದೇ ರೈಫಲ್ ಕೊಳ್ಳುವುದಾದರೆ ಯಾವ ತೋಟಾದ್ದು?

ಆರಿದ್ರ ಮಳೆ ಹಿಡಿದು ಮೂರು ದಿನ ಆಗಿತ್ತು. ಸಕಲೇಶಪುರದ ಕಡೆ ಮಳೆ ಹೀಗೆ ಕೂತರೆ ಮೊದಲು ಕರೆಂಟ್ ಹೋಗುತ್ತದೆ, ಆಮೇಲೆ ಫೋನಿನ ಸಿಗ್ನಲ್. ಅಂಥದ್ದರಲ್ಲೂ ಅಕ್ಕನ ಮಗನ ಕರೆ ಹೇಗೋ ಬಂತು, ಅಮೆರಿಕದ ಕೊಲರಾಡೋ ರಾಜ್ಯದ ಡೆನ್ವರ್‌ನಿಂದ.

"ಮಾವ, ಅಕ್ಟೋಬರ್‌ನಲ್ಲಿ ಎಲ್ಕ್ ಶಿಕಾರಿಗೆ ಹೋಗ್ತಾ ಇದ್ದೀನಿ. ಕೊಳ್ಳೋದು ಒಂದೇ ರೈಫಲ್. ಜಿಂಕೆಗೂ ಆಗಬೇಕು, ಎಲ್ಕ್‌ಗೂ ಆಗಬೇಕು, ಮುಂದೆ ಕರಡಿ ಅಂದ್ರೆ ಅದಕ್ಕೂ ಆಗಬೇಕು. ಯಾವ ತೋಟಾದ್ದು ತಗೊಳ್ಳಲಿ?" ಎಲ್ಕ್ ಅಂದರೆ ಅಲ್ಲಿನ ಭಾರಿ ಜಿಂಕೆ. ತೋಟಾ ಅಂದರೆ ಗುಂಡು, ಮದ್ದು ಎರಡೂ ಇರುವ ಕೋಶ.

ನನ್ನ ಅಕ್ಕ ಬೇಲೂರಿನಲ್ಲಿದ್ದಾಳೆ. ವಿಷಯ ಕೇಳಿ ಅವಳು ಅಂದಿದ್ದು ಇಷ್ಟೇ: "ಇಲ್ಲಿ ಗದ್ದೆಗೆ ಬರೋ ಹಂದಿ ಓಡಿಸೋಕೆ ಬಾರೋ ಅಂದ್ರೆ ಒಂದು ರಾತ್ರಿನೂ ಎದ್ದು ಬರಲಿಲ್ಲ ಇವನು."

ನನ್ನನ್ನೇ ಕೇಳಿದ್ದಕ್ಕೆ ಕಾರಣ ಇದೆ. ನಾನು 1980ರ ದಶಕದಲ್ಲಿ ಸೈನ್ಯಕ್ಕೆ ಸೇರಿ, ಹದಿನೇಳು ವರ್ಷ ರೈಫಲ್ ಹೊತ್ತವನು. ಈಗ ಇರುವುದು ಸ್ವಲ್ಪ ಕಾಫಿ, ಸ್ವಲ್ಪ ಮೆಣಸು, ಬೆಳೆ ಕಾಯಲು ಲೈಸೆನ್ಸ್ ಪಡೆದ ಹನ್ನೆರಡು ಬೋರಿನ ಒಂದು ತೋಟಾ ಕೋವಿ. ಮೊದಲೇ ಹೇಳಿಬಿಡುತ್ತೇನೆ, ನಾನು ಶಿಕಾರಿ ಮಾಡುವವನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಅದು ಅಪರಾಧ. ಹಾಗೇ ಇರಲಿ. ಕೊಲರಾಡೋದಲ್ಲಿ ಸರ್ಕಾರವೇ ಯಾವ ಜಾಗದಲ್ಲಿ, ಯಾವ ವಾರ, ಎಷ್ಟು ಪ್ರಾಣಿ ಎಂದು ಲೆಕ್ಕ ಹಾಕಿ ಪರವಾನಗಿ ಕೊಡುತ್ತದೆ. ಅಲ್ಲಿನ ಲೆಕ್ಕ ಬೇರೆ. ಹಾಗಾಗಿ ಇದು ಅವನಂತೆ ಹೊರದೇಶದಲ್ಲಿ ಕಾನೂನಿನ ಒಳಗೇ ಶಿಕಾರಿಗೆ ಹೋಗುವ ನಮ್ಮ ಕಡೆಯ ಹುಡುಗರಿಗೆ ಬರೆದದ್ದು.

ವಿಡಿಯೋ ಕಾಲ್ ಸರಿಯಾಗಿ ಹತ್ತಿಕೊಂಡಾಗ ನೋಡಿದೆ, ಬಲಗಣ್ಣಿನ ಹುಬ್ಬಿನ ಮೇಲೆ ಪ್ಲಾಸ್ಟರ್ ಇತ್ತು. ಏನೋ ಅದು ಅಂದೆ. ಸ್ವಲ್ಪ ಹೊತ್ತು ಮಾತು ತೇಲಿಸಿದ, ಆಮೇಲೆ ಒಪ್ಪಿಕೊಂಡ. ಬಂದೂಕಿನ ಅಂಗಡಿಯೊಂದರಲ್ಲಿ ಮಾರುವವನು, "ಎಲ್ಕ್‌ಗೆ ಅಂದರೆ .300 ವಿನ್‌ಚೆಸ್ಟರ್ ಮ್ಯಾಗ್ನಮ್‌ಗಿಂತ ಕಡಿಮೆ ಮುಟ್ಟಲೇಬೇಡ" ಅಂದನಂತೆ. ಮ್ಯಾಗ್ನಮ್ ಅಂದರೆ ಹೆಚ್ಚು ಮದ್ದು ಹಿಡಿಯುವ, ಜೋರಾದ ತೋಟಾ. ಕೊಳ್ಳುವ ಮುಂಚೆ ಗೆಳೆಯನ ಅಂಥದ್ದೇ ರೈಫಲ್ ಹಿಡಿದು ಮೂರು ಈಡು ಹೊಡೆದಿದ್ದಾನೆ. ಮೂರನೆಯದಕ್ಕೆ ರೈಫಲ್ ಹಿಂದಕ್ಕೆ ಒದ್ದು, ದುರ್ಬೀನಿನ ಅಂಚು ಹುಬ್ಬನ್ನು ಸೀಳಿದೆ. ನನ್ನ ಉತ್ತರದ ಅರ್ಧ ಭಾಗ ಆ ಪ್ಲಾಸ್ಟರಿನಲ್ಲೇ ಇತ್ತು.

ಮೊದಲು ದೂರ, ಆಮೇಲೆ ಪ್ರಾಣಿ

ನಮ್ಮ ಅಜ್ಜನ ಹತ್ತಿರ ಒಂದು .315 ರೈಫಲ್ ಇತ್ತು, ಬಂಗಾಳದ ಈಶಾಪುರದ ಸರ್ಕಾರಿ ಕಾರ್ಖಾನೆಯದ್ದು. ಆ ವಿಚಿತ್ರ ಅಳತೆ ಯಾಕೆ ಗೊತ್ತಾ? ಬ್ರಿಟಿಷರ ಕಾಲದಲ್ಲಿ ಸೈನ್ಯದ ತೋಟಾ .303. ಅದು ಜನರ ಕೈಗೆ ಸಿಗಬಾರದು ಎಂದು ಅವರು ಸೈನ್ಯದ ಅಳತೆಯ ರೈಫಲ್ಲುಗಳನ್ನೇ ಸಾಮಾನ್ಯರಿಗೆ ನಿಷೇಧಿಸಿದರು. ಅದಕ್ಕೇ ನಮ್ಮ ದೇಶದಲ್ಲಿ .315 ಎಂಬ ಬೇರೆಯದೇ ವಂಶ ಬೆಳೆಯಿತು. ಗುಂಡು ಎಂಟು ಮಿಲಿಮೀಟರ್ ದಪ್ಪ, 244 ಗ್ರೇನ್ ತೂಕ. ಅಂದರೆ ಹದಿನಾರು ಗ್ರಾಂಗೆ ಸ್ವಲ್ಪ ಕಡಿಮೆ. ವೇಗ ಸೆಕೆಂಡಿಗೆ ಎರಡು ಸಾವಿರ ಅಡಿಯ ಆಸುಪಾಸು. ಇವತ್ತಿನ ಲೆಕ್ಕದಲ್ಲಿ ಅದು ಎತ್ತಿನಗಾಡಿ.

ಆದರೆ ಆ ಕಾಲದಲ್ಲಿ, ಈ ಜಾಗದಲ್ಲಿ, ಅದರಲ್ಲಿ ಏನೂ ಕೊರತೆ ಇರಲಿಲ್ಲ. ಮರಸು ಕೂತರೆ, ಅಂದರೆ ಅಡಗಿ ಕಾದರೆ, ಪ್ರಾಣಿ ಬರುತ್ತಿದ್ದದ್ದು ಮೂವತ್ತು ಗಜದೊಳಗೆ. ಹಳು ಸೋಯ್ದರೆ, ಅಂದರೆ ಪೊದೆ ಬಡಿದು ಪ್ರಾಣಿ ಎಬ್ಬಿಸಿದರೆ, ಇನ್ನೂ ಹತ್ತಿರ. ಬಿಸಿಲೆ ಘಾಟಿಯ ಕಾಡಿನಲ್ಲಿ ಐವತ್ತು ಗಜ ದೂರ ಕಂಡರೆ ಅದೇ ದೊಡ್ಡದು. ಅಲ್ಲಿ ಬೇಕಾದದ್ದು ತೂಕದ, ನಿಧಾನದ ಗುಂಡು. ನೇರ ಹಾರುವ ಗುಂಡಿನಿಂದ ಏನೂ ಲಾಭವಿಲ್ಲ, ಹಾರುವುದಕ್ಕೆ ಜಾಗವೇ ಇಲ್ಲವಲ್ಲ.

ಕೊಲರಾಡೋ ಹಾಗಲ್ಲ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕದಲ್ಲೇ ಎತ್ತರ. ಅಲ್ಲಿ ಎಲ್ಕ್ ಸಿಗುವ ಬೆಟ್ಟಗಳು ಎರಡೂವರೆ ಸಾವಿರದಿಂದ ಮೂರು ಸಾವಿರ ಮೀಟರ್. ಬಾಬಾ ಬುಡನ್‌ಗಿರಿಯ ನೆತ್ತಿಯ ಹುಲ್ಲುಗಾವಲನ್ನು ನೆನೆಸಿಕೊಳ್ಳಿ. ಆ ಗುಡ್ಡದಿಂದ ಈ ಗುಡ್ಡಕ್ಕೆ ಕಣ್ಣು ಹಾಯಿಸಿದರೆ ಪ್ರಾಣಿ ಇನ್ನೂರು, ಮುನ್ನೂರು ಗಜ ದೂರದಲ್ಲಿ ಮೇಯುತ್ತಿರುತ್ತದೆ. ಗಾಳಿ ತೆಳು, ಏದುಸಿರು ಜಾಸ್ತಿ, ಹೆಗಲ ಮೇಲಿನ ಅರ್ಧ ಕಿಲೋ ಸಂಜೆಗೆ ಐದು ಕಿಲೋ ಆಗುತ್ತದೆ.

ಇನ್ನು ಪ್ರಾಣಿ. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ. ಗಂಡು ಮುನ್ನೂರು ಕಿಲೋ ದಾಟುತ್ತದೆ. ಅಲ್ಲಿನ ಮ್ಯೂಲ್ ಡೀರ್ ಎಂಬ ಜಿಂಕೆ ಅದರ ಮೂರನೇ ಒಂದು ಪಾಲು, ಬಯಲಿನಲ್ಲಿರುವ ಹುಲ್ಲೆಯಂಥ ಪ್ರಾಂಗ್‌ಹಾರ್ನ್ ಇನ್ನೂ ಸಣ್ಣದು. ಮೂಸ್ ಕೂಡ ಜಿಂಕೆ ಜಾತಿಯದೇ, ಎಲ್ಲಕ್ಕಿಂತ ದೊಡ್ಡದು, ನಾನೂರು ಕಿಲೋ ಅದಕ್ಕೆ ಲೆಕ್ಕಕ್ಕಿಲ್ಲ. ನಮ್ಮ ಕಾಟಿಯ ಗಾತ್ರದ್ದು ಆ ಪಟ್ಟಿಯಲ್ಲಿ ಇಲ್ಲ. ಆಫ್ರಿಕಾದ ಕಾಡೆಮ್ಮೆಗೆ ಬೇಕಾದ ತೋಟಾವನ್ನು ಕೊಲರಾಡೋದ ಜಿಂಕೆಗೆ ಕೊಳ್ಳುವುದು, ಸ್ಕೂಟರ್ ಸಾಕಾದ ಕಡೆ ಟಿಪ್ಪರ್ ತಂದ ಹಾಗೆ.

ಹೆಸರಿನ ಗೊಂದಲ

ಪಟ್ಟಿ ಕಳಿಸಿದ್ದ. .270, .308, .30-06, .300, 6.5, 7 ಎಂ.ಎಂ. "ದೊಡ್ಡ ನಂಬರ್ ಅಂದ್ರೆ ದೊಡ್ಡ ಗುಂಡು ತಾನೇ ಮಾವ?" ಅಂದ. ಅಲ್ಲ. .308, .30-06, .300 ಮ್ಯಾಗ್ನಮ್ ಮೂರರ ಗುಂಡಿನ ದಪ್ಪವೂ ಒಂದೇ, 0.308 ಇಂಚು. ಹಿಂದಿನ ಹಿತ್ತಾಳೆ ಕೋಶದಲ್ಲಿ ಎಷ್ಟು ಮದ್ದು ಹಿಡಿಯುತ್ತದೆ ಎನ್ನುವುದಷ್ಟೇ ವ್ಯತ್ಯಾಸ. .30-06ರಲ್ಲಿನ 06 ಅಂದರೆ 1906, ಅಮೆರಿಕದ ಸೈನ್ಯ ಅದನ್ನು ತೆಗೆದುಕೊಂಡ ವರ್ಷ. .270ರ ಗುಂಡು ನಿಜಕ್ಕೂ 0.277 ಇಂಚು. ನನ್ನ ಹನ್ನೆರಡು ಬೋರಿನ ಕಥೆ ಇನ್ನೂ ಚೆನ್ನಾಗಿದೆ: ಒಂದು ಪೌಂಡ್ ಸೀಸದಿಂದ ಒಂದೇ ಸಮನಾದ ಹನ್ನೆರಡು ಉಂಡೆ ಮಾಡಿದರೆ, ಒಂದೊಂದು ಉಂಡೆಯ ಅಗಲವೇ ನಳಿಗೆಯ ಅಗಲ. ಹೆಸರು ಇಟ್ಟವರಿಗೆ ನಿಯಮ ಅಂತ ಏನೂ ಇರಲಿಲ್ಲ. ಹೆಸರು ನೋಡಿ ಕೊಳ್ಳಬೇಡಿ.

ಕಣದಲ್ಲಿರುವವರು

.30-06 ಅನ್ನು ಅಮೆರಿಕದವರು ಥರ್ಟಿ-ಆಟ್-ಸಿಕ್ಸ್ ಅನ್ನುತ್ತಾರೆ. ಎರಡು ಮಹಾಯುದ್ಧ ಕಂಡ ತೋಟಾ. 180 ಗ್ರೇನ್ ಗುಂಡನ್ನು ಸೆಕೆಂಡಿಗೆ ಸುಮಾರು 2,700 ಅಡಿ ವೇಗದಲ್ಲಿ ಎಸೆಯುತ್ತದೆ. 150 ಗ್ರೇನಿನ ಹಗುರ ಗುಂಡು ಹಾಕಿದರೆ ಜಿಂಕೆಗೆ, 180 ಹಾಕಿದರೆ ಎಲ್ಕ್‌ಗೆ, 220ರ ಭಾರದ ಗುಂಡು ಹಾಕಿದರೆ ದೊಡ್ಡ ಕರಡಿಗೂ ಆಯಿತು. ಒಂದೇ ರೈಫಲ್ಲಿನಲ್ಲಿ ಇಷ್ಟು ಹರವು ಬೇರೆ ಯಾವುದರಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಯಾವ ಸಣ್ಣ ಊರಿನ ಅಂಗಡಿಗೆ ಹೋದರೂ ಇದರ ಡಬ್ಬಿ ಇರುತ್ತದೆ. ಹಳೆಯ ರೈಫಲ್ಲುಗಳೂ ಬೇಕಾದಷ್ಟು. ಈಶಾಪುರದಲ್ಲೂ .30-06 ಸ್ಪೋರ್ಟಿಂಗ್ ರೈಫಲ್ ಮಾಡಿದ್ದಾರೆ.

.308 ವಿನ್‌ಚೆಸ್ಟರ್ ಬಂದದ್ದು 1952ರಲ್ಲಿ. ಇದರ ಸೈನ್ಯದ ರೂಪವೇ 7.62×51, ಸೈನ್ಯದಲ್ಲಿ ನಾನು ಹೊತ್ತ ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ತೋಟಾ. ಹಾಗಾಗಿ ಇಲ್ಲಿ ನನಗೆ ಸ್ವಲ್ಪ ಪಕ್ಷಪಾತ ಇದೆ, ತಿಳಿದಿರಲಿ. ಮದ್ದು ಸುಧಾರಿಸಿದ್ದರಿಂದ .30-06ರ 63 ಮಿಲಿಮೀಟರ್ ಕೋಶದ ಕೆಲಸವನ್ನು 51 ಮಿಲಿಮೀಟರಿನಲ್ಲೇ ಹೆಚ್ಚುಕಡಿಮೆ ಮಾಡಿಬಿಟ್ಟರು. ಅದೇ 180 ಗ್ರೇನ್ ಗುಂಡು, ವೇಗ 2,600 ಅಡಿಯ ಮೇಲೆ ಸ್ವಲ್ಪ. ಸೆಕೆಂಡಿಗೆ ನೂರು ಅಡಿಗೂ ಕಡಿಮೆ ವ್ಯತ್ಯಾಸ. ಯಾವ ಎಲ್ಕ್‌ಗೂ ಅದು ಗೊತ್ತಾಗುವುದಿಲ್ಲ. ಆದರೆ ಹೊರುವವನಿಗೆ ಬೇರೆಯೇ ಒಂದು ವ್ಯತ್ಯಾಸ ಗೊತ್ತಾಗುತ್ತದೆ. ತೋಟಾ ಗಿಡ್ಡ, ಅದಕ್ಕೆ ಅದನ್ನು ಒಳಗೆ ತಳ್ಳುವ ಬೋಲ್ಟ್ ಗಿಡ್ಡ, ಒಟ್ಟು ರೈಫಲ್ ಸ್ವಲ್ಪ ಗಿಡ್ಡ, ಸ್ವಲ್ಪ ಹಗುರ. 200 ಗ್ರೇನ್ ದಾಟಿದ ಭಾರದ ಗುಂಡಿಗೆ ಮಾತ್ರ .30-06 ಮುಂದೆ, ಉದ್ದದ ಗುಂಡು ಕೂರಲು ಅದರಲ್ಲಿ ಜಾಗ ಇದೆ.

.270 ವಿನ್‌ಚೆಸ್ಟರ್, 1925ರದ್ದು. .30-06ರ ಕುಟುಂಬದ್ದೇ, ಕೋಶದ ಬಾಯಿ ಕಿರಿದು ಮಾಡಿ ತೆಳುವಾದ ಗುಂಡು ಕೂರಿಸಿದ್ದಾರೆ. 130 ಗ್ರೇನ್, ಸೆಕೆಂಡಿಗೆ 3,060 ಅಡಿ. ನೇರ ಹಾರುತ್ತದೆ, ಒದೆ .308ರಷ್ಟೇ. ಜಿಂಕೆಯೇ ಜಾಸ್ತಿ, ಎಲ್ಕ್ ಅಪರೂಪಕ್ಕೆ ಅನ್ನುವವರಿಗೆ ಇದೇ ಸರಿ. 150 ಗ್ರೇನಿನ ಮೇಲೆ ಗುಂಡು ಸಿಗುವುದು ಕಷ್ಟ, ಅದೊಂದು ಮಿತಿ.

6.5 ಕ್ರೀಡ್‌ಮೋರ್ ಈ ಪಂಕ್ತಿಯಲ್ಲಿ ಎಳೆ ಹುಡುಗ, 2007ರಲ್ಲಿ ಹೊರಬಂದದ್ದು. ಹುಟ್ಟಿದ್ದು ಗುರಿ ಸ್ಪರ್ಧೆಗೆ, ಆಮೇಲೆ ಕಾಡಿಗೂ ಬಂತು. ಉದ್ದನೆಯ, ಸೂಜಿಯಂಥ ಗುಂಡು, 140 ಗ್ರೇನ್ ಆಸುಪಾಸು, ವೇಗ 2,700 ಅಡಿ. ಗಾಳಿ ಸೀಳಿಕೊಂಡು ಹೋಗುತ್ತದೆ, ವೇಗ ಬೇಗ ಕಳೆದುಕೊಳ್ಳುವುದಿಲ್ಲ. ಒದೆ ತುಂಬಾ ಕಡಿಮೆ. ಇದನ್ನು ನೋಡಿ ಹಳಬರು ಮೂಗು ಮುರಿಯುತ್ತಾರೆ, ಎಲ್ಕ್‌ಗೆ ಸಾಲದು ಅಂತ. ಆದರೆ ಇದೇ ದಪ್ಪದ 6.5×55 ತೋಟಾವನ್ನು ಸ್ವೀಡನ್‌ನವರು 1890ರ ದಶಕದಿಂದ ಬಳಸುತ್ತಿದ್ದಾರೆ, ಅದರಲ್ಲೇ ಮೂಸ್ ಹೊಡೆದು ಮನೆಗೆ ತಂದಿದ್ದಾರೆ. ಸಾಲುತ್ತದೆ. ಹೊಡೆಯುವ ಜಾಗ ಸ್ವಲ್ಪ ತಪ್ಪಿದರೆ ಮಾತ್ರ, ದಪ್ಪ ಗುಂಡು ಮಾಡುವಷ್ಟು ಕ್ಷಮೆಯನ್ನು ಇದು ಮಾಡುವುದಿಲ್ಲ.

ಇನ್ನು ಮ್ಯಾಗ್ನಮ್‌ಗಳು. 7 ಎಂ.ಎಂ. ರೆಮಿಂಗ್ಟನ್ ಮ್ಯಾಗ್ನಮ್ 1962ರದ್ದು, .300 ವಿನ್‌ಚೆಸ್ಟರ್ ಮ್ಯಾಗ್ನಮ್ 1963ರದ್ದು. ಎರಡನೆಯದು ಅದೇ 180 ಗ್ರೇನ್ ಗುಂಡನ್ನು 2,960 ಅಡಿ ವೇಗದಲ್ಲಿ ಎಸೆಯುತ್ತದೆ. ನಾನೂರು ಗಜದ ಆಚೆ ಹೊಡೆಯುವ ಕೈ ಇದ್ದವನಿಗೆ ಇವು ನಿಜವಾದ ಆಯುಧ. ಬೆಲೆ ಜಾಸ್ತಿ, ಸದ್ದು ಜಾಸ್ತಿ, ನಳಿಗೆ ಉದ್ದ, ಒದೆಯಂತೂ ಪ್ಲಾಸ್ಟರ್ ಹೇಳಿತಲ್ಲ.

.375 ಎಚ್ ಅಂಡ್ ಎಚ್ (ಹಾಲೆಂಡ್ ಅಂಡ್ ಹಾಲೆಂಡ್) ಬಗ್ಗೆ ಒಂದೇ ಮಾತು. 1912ರದ್ದು, ಆಫ್ರಿಕಾದ ಹಲವು ದೇಶಗಳಲ್ಲಿ ಅಪಾಯದ ಪ್ರಾಣಿಗಳಿಗೆ ಇದಕ್ಕಿಂತ ಸಣ್ಣದನ್ನು ಕಾನೂನೇ ಒಪ್ಪುವುದಿಲ್ಲ. 2024ರ ಲೋಕಸಭಾ ಚುನಾವಣೆಗೆ ಕೋವಿ ಒಪ್ಪಿಸಲು ಠಾಣೆಯಲ್ಲಿ ಸಾಲು ನಿಂತಿದ್ದೆವು. ಮುಂದಿದ್ದ ಎಸ್ಟೇಟ್ ಯಜಮಾನರೊಬ್ಬರು, "ಒಂದೇ ಸಾಕು ಅಂದ್ರೆ .375, ಇಲಿಯಿಂದ ಆನೆವರೆಗೂ" ಅಂದರು. ಹಿಂದಿದ್ದವರು, "ಇಲಿ ಹೊಡೆದ್ರೆ ಬಾಲನಾದ್ರೂ ಸಿಗ್ತದಾ ಸ್ವಾಮಿ?" ಅಂದರು. ರಸೀದಿ ಬರೆಯುತ್ತಿದ್ದ ಪೇದೆಯೂ ನಕ್ಕ. ಆಫ್ರಿಕಾಗೆ ಹೋಗುವ ದಿನ ಬಂದರೆ ಅಲ್ಲೇ ಬಾಡಿಗೆಗೆ ಸಿಗುತ್ತದೆ.

ಒಂದು ಮೊರದ ಲೆಕ್ಕ

ಈಗ ಅಂಗಡಿಯವರು ಹೇಳದ ವಿಷಯ. ಈ ಎಲ್ಲಾ ರೈಫಲ್ಲುಗಳನ್ನೂ ಇನ್ನೂರು ಗಜಕ್ಕೆ ಗುರಿ ಸರಿಮಾಡಿಕೊಂಡು ಮುನ್ನೂರು ಗಜಕ್ಕೆ ಹೊಡೆಯಿರಿ. ಗುಂಡು ಎಷ್ಟು ಕೆಳಗೆ ಬೀಳುತ್ತದೆ? .30-06 ಮತ್ತು .308 ಸುಮಾರು 21ರಿಂದ 22 ಸೆಂಟಿಮೀಟರ್. 6.5 ಸುಮಾರು 20. .270 ಮತ್ತು .300 ಮ್ಯಾಗ್ನಮ್ ಸುಮಾರು 17. ಗುಂಡಿನ ಆಕಾರ, ನಳಿಗೆಯ ಉದ್ದದ ಮೇಲೆ ಅಷ್ಟಿಷ್ಟು ಹೆಚ್ಚುಕಡಿಮೆ ಆಗಬಹುದು. ಎಲ್ಲಕ್ಕಿಂತ ನೇರ ಹಾರುವುದಕ್ಕೂ ಎಲ್ಲಕ್ಕಿಂತ ಬಾಗುವುದಕ್ಕೂ ಇರುವ ಅಂತರ ಮೂರು ಬೆರಳು.

ಎಲ್ಕ್‌ನ ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ ನಮ್ಮ ಮನೆಯ ಮೊರಕ್ಕಿಂತ ಸ್ವಲ್ಪ ಚಿಕ್ಕದು. ಮೊರದಲ್ಲಿ ಮೂರು ಬೆರಳು ಆಚೆ ಈಚೆ ಆದರೆ ಏನೂ ಆಗುವುದಿಲ್ಲ. ಆದರೆ ಒದೆಗೆ ಹೆದರಿ ಟ್ರಿಗರ್ ಎಳೆಯುವ ಹೊತ್ತಿಗೆ ಕಣ್ಣು ಮುಚ್ಚುವವನ ಗುಂಡು ಮುನ್ನೂರು ಗಜದಲ್ಲಿ ಮೊರವನ್ನೇ ಬಿಟ್ಟು ಹೋಗುತ್ತದೆ. ಹೊಟ್ಟೆಗೆ ಬಿದ್ದರೆ ಆ ಪ್ರಾಣಿ ಎರಡು ಗುಡ್ಡ ದಾಟಿ ರಾತ್ರಿಯೆಲ್ಲಾ ನರಳಿ ಸಾಯುತ್ತದೆ. ಅದಕ್ಕಿಂತ ಶಿಕಾರಿಗೆ ಹೋಗದೆ ಇರುವುದೇ ವಾಸಿ.

ಒದೆಯ ವಿಷಯ

ರೆಜಿಮೆಂಟಿನ ಮೊದಲ ಫೈರಿಂಗ್ ದಿನ ನನಗೆ ಇವತ್ತಿಗೂ ನೆನಪಿದೆ. ಎಸ್‌ಎಲ್‌ಆರ್ ನಾಲ್ಕು ಕಿಲೋ ದಾಟಿದ ತೂಕದ್ದು, ಅರೆ ಸ್ವಯಂಚಾಲಿತ. ಒದೆಯ ಸ್ವಲ್ಪ ಭಾಗವನ್ನು ತಾನೇ ನುಂಗುತ್ತದೆ. ಆದರೂ ಭುಜಕ್ಕೆ ಸರಿಯಾಗಿ ಒತ್ತಿ ಹಿಡಿಯದ ತಪ್ಪಿಗೆ ಸಂಜೆ ಅಂಗಿ ಬಿಚ್ಚಿದಾಗ ಭುಜದ ಗುಳಿಯಲ್ಲಿ ಬದನೆಕಾಯಿ ಬಣ್ಣ. ನೋವಿಗಿಂತ ಕೆಟ್ಟದ್ದು ಮರುದಿನ ಆದದ್ದು. ಗುರಿ ಕಾಣುತ್ತಿದೆ, ಉಸಿರು ಹಿಡಿದಿದ್ದೇನೆ, ಬೆರಳು ಒತ್ತುತ್ತಿದೆ. ಆದರೆ ಸದ್ದು ಬರುವುದಕ್ಕೂ ಮುಂಚೆ ಭುಜ ತಾನೇ ಮುಂದಕ್ಕೆ ನುಗ್ಗುತ್ತಿತ್ತು. ಐದು ಗುಂಡಿನಲ್ಲಿ ಮೂರು ಮಣ್ಣಿಗೆ.

ತರಬೇತಿ ಕೊಡುತ್ತಿದ್ದ ಉಸ್ತಾದ್ ಬೈಯಲಿಲ್ಲ. ರೈಫಲ್ ಖಾಲಿ ಮಾಡಿಸಿದರು, ಎರಡು ಸಲ ನೋಡಿಸಿದರು. ಮಲಗಿ ಗುರಿ ಹಿಡಿಯಲು ಹೇಳಿ, ನಳಿಗೆಯ ತುದಿಯ ಹತ್ತಿರ ಒಂದು ನಾಣ್ಯ ಇಟ್ಟರು. "ನಾಣ್ಯ ಬೀಳದ ಹಾಗೆ ಟ್ರಿಗರ್ ಒತ್ತು." ಮೊದಲ ಹತ್ತು ಸಲವೂ ಠಣ್ ಅಂತ ಬಿತ್ತು. ಮೂರು ದಿನ, ದಿನಕ್ಕೆ ಅರ್ಧ ಗಂಟೆ ಅದೇ ಕೆಲಸ. ಆಮೇಲೆ ಇನ್ನೊಂದು ಆಟ: ಜೊತೆಗಾರ ನಮಗೆ ತಿಳಿಯದಂತೆ ಮ್ಯಾಗಜಿನ್‌ನಲ್ಲಿ ಸಾಚಾ ತೋಟಾಗಳ ನಡುವೆ ಒಂದೆರಡು ಡಮ್ಮಿ ತೋಟಾ ಸೇರಿಸುತ್ತಿದ್ದ. ಡಮ್ಮಿ ಬಂದಾಗ ಸದ್ದಿಲ್ಲ, ಆದರೆ ನಿಮ್ಮ ಭುಜ ಕುಣಿಯುವುದು ಎಲ್ಲರಿಗೂ ಕಾಣುತ್ತದೆ. ನಾಚಿಕೆಯಷ್ಟು ಒಳ್ಳೆಯ ಮೇಷ್ಟರು ಇಲ್ಲ ಬಿಡಿ.

ಒಂದೇ ತೂಕದ ಬೇಟೆ ರೈಫಲ್ಲುಗಳಲ್ಲಿ .308ರ ಒದೆಯನ್ನು ನೂರು ರೂಪಾಯಿ ಎಂದಿಟ್ಟುಕೊಳ್ಳಿ. ಅಂದಾಜಿಗೆ ಹೇಳುವುದಾದರೆ 6.5 ಕ್ರೀಡ್‌ಮೋರ್‌ದು ಎಪ್ಪತ್ತೈದು ರೂಪಾಯಿ. .270ದು ನೂರರ ಹತ್ತಿರ. .30-06 ನೂರಹದಿನೈದು, 7 ಎಂ.ಎಂ. ಮ್ಯಾಗ್ನಮ್ ಅದಕ್ಕಿಂತ ಸ್ವಲ್ಪ ಮೇಲೆ. .300 ಮ್ಯಾಗ್ನಮ್ ನೂರೈವತ್ತು. .375 ಇನ್ನೂರು ದಾಟುತ್ತದೆ. ಆ ಬೆಲೆಯನ್ನು ಪ್ರತಿ ಈಡಿಗೂ ಭುಜ ಕಟ್ಟಬೇಕು. ಬೆಟ್ಟಕ್ಕೆ ಹಗುರ ಅಂತ ಎರಡೂಮುಕ್ಕಾಲು ಕಿಲೋದ ರೈಫಲ್ ಕೊಂಡರೆ ಎಲ್ಲಾ ಬೆಲೆಯೂ ಇನ್ನಷ್ಟು ಏರುತ್ತದೆ. ಹಗುರವೂ ಬೇಕು, ಮ್ಯಾಗ್ನಮ್ಮೂ ಬೇಕು ಅನ್ನುವವರಿಗೆ ಹುಬ್ಬಿನ ಮೇಲೆ ಆಸೆ ಇಲ್ಲ ಅಂತ ಅರ್ಥ.

ಶಿಕಾರಿಯ ದಿನ ಹೊಡೆಯುವುದು ಒಂದೋ ಎರಡೋ ಗುಂಡು. ಆ ದಿನ ಒದೆ ಗೊತ್ತೇ ಆಗುವುದಿಲ್ಲ, ಎದೆ ಅಷ್ಟು ಹೊಡೆದುಕೊಳ್ಳುತ್ತಿರುತ್ತದೆ. ಒದೆ ಲೆಕ್ಕಕ್ಕೆ ಬರುವುದು ಅದಕ್ಕೂ ಮುಂಚಿನ ಮೂರು ತಿಂಗಳು, ಅಭ್ಯಾಸದಲ್ಲಿ. ವಾರಕ್ಕೆ ಇಪ್ಪತ್ತು ಗುಂಡು ಖುಷಿಯಿಂದ ಹೊಡೆಯುವ ರೈಫಲ್ ಯಾವುದೋ ಅದನ್ನೇ ಕೊಳ್ಳಿ. ಐದನೇ ಗುಂಡಿಗೇ "ಇವತ್ತಿಗೆ ಸಾಕು" ಅನ್ನಿಸುವುದು ಎಷ್ಟು ಬಲವಾದದ್ದಾದರೂ ಬೇಡ.

ಗುಂಡು ಬೇರೆ, ತೋಟಾ ಬೇರೆ

ತೋಟಾದ ಹೆಸರಿನ ಜಗಳದಲ್ಲಿ ಮರೆತೇ ಹೋಗುವುದು ಅದರ ಮುಂದಿರುವ ಗುಂಡು. ಪ್ರಾಣಿಗೆ ತಾಗುವುದು ಅದೊಂದೇ ಅಲ್ವಾ? ಮಾಮೂಲಿ ಬೇಟೆ ಗುಂಡಿನಲ್ಲಿ ಮೇಲೆ ತಾಮ್ರದ ತೆಳು ಅಂಗಿ, ಒಳಗೆ ಸೀಸ. ತಾಗಿದ ಕೂಡಲೇ ಮೂತಿ ಅಣಬೆಯ ಹಾಗೆ ಅರಳಬೇಕು. ಜಿಂಕೆಗೆ ಇದು ಚೆನ್ನ. ಆದರೆ ವೇಗದ ಗುಂಡು ಎಲ್ಕ್‌ನ ಭುಜದ ಮೂಳೆಗೆ ಹತ್ತಿರದಿಂದ ಬಡಿದರೆ ಒಮ್ಮೊಮ್ಮೆ ಚೂರಾಗಿ ಅಲ್ಲೇ ನಿಂತುಬಿಡುತ್ತದೆ. ಅದಕ್ಕೇ ಅಂಗಿಯನ್ನೂ ಸೀಸವನ್ನೂ ಬೆಸೆದ ಗುಂಡು ಬಂತು, ನಡುವೆ ತಾಮ್ರದ ಗೋಡೆ ಇರುವ ಗುಂಡು ಬಂತು, ಸೀಸವೇ ಇಲ್ಲದ ಪೂರಾ ತಾಮ್ರದ ಗುಂಡು ಬಂತು. ಪೂರಾ ತಾಮ್ರದ್ದು ಒಡೆಯುವುದಿಲ್ಲ, ತೂಕ ಕಳೆದುಕೊಳ್ಳುವುದಿಲ್ಲ, ಆಳಕ್ಕೆ ಇಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿದ್ದಾರೆ. ಸತ್ತ ಪ್ರಾಣಿಯಲ್ಲಿ ಉಳಿದ ಸೀಸದ ಚೂರು ತಿಂದು ಅಲ್ಲಿನ ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದವು.

ಒಳ್ಳೆಯ ಗುಂಡು ಹಾಕಿದ .308, ಅಗ್ಗದ ಗುಂಡು ಹಾಕಿದ .300 ಮ್ಯಾಗ್ನಮ್‌ಗಿಂತ ಎಲ್ಕ್‌ಗೆ ಮೇಲು. ರೈಫಲ್ಲಿನಲ್ಲಿ ಉಳಿಸಿದ ದುಡ್ಡನ್ನು ಗುಂಡಿಗೆ ಹಾಕು ಅಂತ ಅಳಿಯನಿಗೆ ಹೇಳಿದೆ. ಇನ್ನೊಂದು: ಯಾವ ಡಬ್ಬಿಯಲ್ಲಿ ಗುರಿ ಸರಿಮಾಡಿಕೊಂಡೆಯೋ ಅದೇ ಡಬ್ಬಿ ಕಾಡಿಗೂ. ಬೇರೆ ಕಂಪನಿಯದ್ದು ಹಾಕಿದರೆ ಒಂದೇ ತೂಕದ ಗುಂಡಾದರೂ ಬೇರೆ ಕಡೆ ಬೀಳುತ್ತದೆ.

ಕಾನೂನು, ಬೇಗ ಬೇಗ

ಕೊಲರಾಡೋ ನಿಯಮದ ಪ್ರಕಾರ ಎಲ್ಕ್ ಮತ್ತು ಮೂಸ್‌ಗೆ ರೈಫಲ್ ಕನಿಷ್ಠ .24 ಅಳತೆಯದ್ದು, ಅರಳುವ ಗುಂಡು ಕನಿಷ್ಠ 85 ಗ್ರೇನ್, ನೂರು ಗಜದಲ್ಲಿ ಕನಿಷ್ಠ 1,000 ಅಡಿ-ಪೌಂಡ್ ಶಕ್ತಿ ಇರಬೇಕು. ಮೇಲೆ ಹೇಳಿದ ಯಾವುದೂ ಈ ಗೆರೆಯ ಹತ್ತಿರವೂ ಸುಳಿಯುವುದಿಲ್ಲ, ಎಲ್ಲವೂ ಅದರಿಂದ ಎಷ್ಟೋ ಮೇಲೆ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರೆಲ್ಲಾ ಬೇಟೆ ತರಬೇತಿಯ ಸರ್ಟಿಫಿಕೇಟ್ ಇಟ್ಟುಕೊಂಡಿರಬೇಕು. ಅಳಿಯ ಅದನ್ನು ಮುಗಿಸಿದ್ದಾನೆ.

ನಮ್ಮ ಹುಡುಗರಿಗೆ ಇದಕ್ಕಿಂತ ಮುಖ್ಯವಾದ ಒಂದು ವಿಷಯ ಇದೆ. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳುವುದು ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಇದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಅಲ್ಲಿನ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಗೆಳೆಯನ ರೈಫಲ್ ಸುಮ್ನೆ ಹಿಡಿದು ನೋಡುವ ಮುಂಚೆಯೂ ಅದು ಕೈಯಲ್ಲಿರಲಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಅನುಮಾನ ಇದ್ದರೆ ವಕೀಲರನ್ನು ಕೇಳಿ, ಮಾವನನ್ನಲ್ಲ.

ಊರಿಗೆ ಬರುವಾಗ ಬ್ಯಾಗ್ ಬದಲಿಸಿಕೊಂಡೇ ಬರಬೇಕು. ಶಿಕಾರಿಗೆ ಒಯ್ದ ಬ್ಯಾಗಿನ ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ಬೆಂಗಳೂರು ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಕಂಡರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೇಸ್. ಹಬ್ಬಕ್ಕೆ ಬಂದವನು ಕೋರ್ಟಿಗೆ ಅಲೆಯಬೇಕಾಗುತ್ತದೆ. "ನೆನಪಿಗೆ ಒಂದು ಖಾಲಿ ಕೋಶ ತರ್ತೀನಿ ಮಾವ" ಅಂದ. ಅದೂ ಬೇಡ ಮಾರಾಯ, ಫೋಟೋ ಕಳಿಸು ಅಂದೆ.

ಹಾಗಾದರೆ ಯಾವುದು?

ಅಳಿಯ ಐದೂವರೆ ಅಡಿ, ಅರವತ್ತು ಕಿಲೋ. ಗೆಳೆಯನ ರೈಫಲ್ಲಿನ ಆ ಮೂರು ಈಡು ಬಿಟ್ಟರೆ ಹಿಂದೆ ಯಾವತ್ತೂ ರೈಫಲ್ ಹಿಡಿದವನಲ್ಲ. ಅವನಿಗೆ ನಾನು ಹೇಳಿದ್ದು .308, ಮೂರೂಕಾಲು ಕಿಲೋ ತೂಕದ್ದು, 165 ಗ್ರೇನಿನ ಬೆಸೆದ ಗುಂಡು ಅಥವಾ 150ರ ತಾಮ್ರದ್ದು. ಮುನ್ನೂರು ಗಜದ ಆಚೆ ಹೊಡೆಯಬಾರದು. ಒದೆ ಎಂದರೆ ತೀರಾ ಹೆದರುವವರು, ಮೈ ಸಣ್ಣ ಇರುವವರು 6.5 ತೆಗೆದುಕೊಂಡು ಎಲ್ಕ್‌ಗೆ ಇನ್ನೂರೈವತ್ತು ಗಜಕ್ಕೆ ಗೆರೆ ಎಳೆದುಕೊಳ್ಳಲಿ. ಬಯಲಿನ ಜಿಂಕೆಯೇ ಮುಖ್ಯವಾದರೆ .270. ಅಲಾಸ್ಕಾದ ಕನಸು ಇದ್ದು, ಭುಜ ಅಗಲ ಇದ್ದರೆ .30-06. ಮ್ಯಾಗ್ನಮ್ ಬೇಡ ಅಂತ ಅಲ್ಲ, ಅದು ಎರಡನೇ ರೈಫಲ್. ಮೊದಲನೆಯದರಲ್ಲಿ ಸಾವಿರ ಗುಂಡು ಹೊಡೆದ ಮೇಲೆ ಯೋಚಿಸಬಹುದು.

ಇಷ್ಟೆಲ್ಲಾ ಹೇಳಿ ಆಯಿತು. ಸೆಪ್ಟೆಂಬರ್‌ನಲ್ಲಿ ಫೋಟೋ ಬಂತು. ಯಾರೋ ಮುದುಕರು ಮಾರಿದ ಹಳೆಯ .30-06. ವಾಲ್‌ನಟ್ ಮರದ ಹಿಡಿ, ಬೋಲ್ಟಿನ ಹತ್ತಿರ ಕೈ ತಾಗಿ ತಾಗಿ ಬಣ್ಣ ಹೋಗಿದೆ. ಕೆಳಗೆ ಬರೆದಿದ್ದ: "ಫೋಟೋದಲ್ಲಿ ಅಜ್ಜನ ಕೈಲಿರೋ ಥರಾನೇ ಇದೆ ಅಲ್ವಾ ಮಾವ?"

ಇದೆ. ಮೂರೂಮುಕ್ಕಾಲು ಕಿಲೋ ಇದೆಯಂತೆ, ಒದೆ ಸ್ವಲ್ಪ ತಗ್ಗುತ್ತದೆ. ನಾನು ಬೈಯಲಿಲ್ಲ, ನಾಣ್ಯದ ವಿಡಿಯೋ ಕಳಿಸು ಅಂದೆ. ಹೊರಡುವಾಗ ಅಕ್ಕ ಅವನ ಪರ್ಸಿನಲ್ಲಿ ಇಟ್ಟಿದ್ದ ಒಂದು ರೂಪಾಯಿ ಇನ್ನೂ ಇತ್ತಂತೆ, ಅದನ್ನೇ ನಳಿಗೆಯ ಮೇಲೆ ಇಟ್ಟಿದ್ದಾನೆ. ಇಪ್ಪತ್ತು ಸಲದಲ್ಲಿ ಹದಿಮೂರು ಸಲ ಬಿದ್ದಿಲ್ಲ. ಇನ್ನೂ ಮೂರು ವಾರ ಇದೆ.